ಕೈಯಲ್ಲೇ ಮಾಡುವ ಕೋಸ್ಟರ್ ಉಡುಗೊರೆ: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ಕಟ್ಟಿಗೆ, ಹಳೆ ಹೆಂಚು, ಹತ್ತಿ ದಾರ, ಅಡಿಕೆ ಹಾಳೆ. ಇವುಗಳಿಂದ ಲೋಟದ ಅಡಿಗಿಡುವ ಕೋಸ್ಟರ್ ಮಾಡುತ್ತಾ, ಆಸಕ್ತಿ ಇದ್ದವರಿಗೆ ಕಲಿಸುತ್ತಾ ಬಂದಿದ್ದೇನೆ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಸಿಕ್ಕವರು, ಮದುವೆ ಊಟಕ್ಕೆ ಪಕ್ಕದಲ್ಲಿ ಕೂತವರು, ಫೋನ್ ಮಾಡುವವರು, ಪತ್ರ ಬರೆಯುವವರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಕೈ ಪಳಗಿದವರಿಗೆ ಬೇಕಾದವು. ಒಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ: ಬಿಸಿ ಕಾಫಿಯನ್ನೂ ನಮ್ಮ ಮಳೆಗಾಲವನ್ನೂ ತಡೆದುಕೊಳ್ಳದ ಕೋಸ್ಟರ್ ಎಷ್ಟು ಚೆಂದ ಇದ್ದರೂ ಷೋಕೇಸ್ ಸೇರುತ್ತದೆ. ದಿನಾ ಬಳಕೆಗೆ ಬರುವಂಥದ್ದನ್ನು ಮಾಡಿಕೊಡಬೇಕು ಅನ್ನುವುದೇ ನನ್ನ ಆಸೆ.

## ಶುರು ಮಾಡುವವರಿಗೆ

ಅಂಗಡಿಯಲ್ಲಿ ಅಗ್ಗಕ್ಕೆ ಆರರ ಸೆಟ್ ಸಿಗುತ್ತಲ್ಲಕ್ಕಾ, ಕೂತು ಮಾಡೋದು ಯಾಕೆ?

ಬರೀ ಮೇಜಿಗೆ ಕಲೆ ಆಗಬಾರದು ಅನ್ನುವುದಾದರೆ ಅಂಗಡಿಯದ್ದೇ ಸಾಕು, ನಾನೂ ಅದನ್ನೇ ಹೇಳುತ್ತೇನೆ. ಉಡುಗೊರೆ ಅಂದಾಗ ಲೆಕ್ಕ ಬೇರೆ. ಬೆಂಗಳೂರಿನಲ್ಲಿರುವ ಮಗಳ ಮೇಜಿನ ಮೇಲೆ ತವರಿನ ತೋಟದ ಕಾಫಿ ಗಿಡದ ಒಂದು ತುಂಡು ಇರುವುದು ಅಂಗಡಿಯ ಸೆಟ್‌ನಿಂದ ಆಗುವ ಕೆಲಸವಲ್ಲ. ಜೊತೆಗೆ ಕೋಸ್ಟರ್ ಚಿಕ್ಕದು, ತಟ್ಟೆಯಾಕಾರದ್ದು, ಯಾರ ಮನೆಯಲ್ಲೂ ಜಾಗ ತಿನ್ನುವುದಿಲ್ಲ, ಬಸ್ಸಿನಲ್ಲಿ ಚೀಲದಲ್ಲಿಟ್ಟು ಒಯ್ಯಬಹುದು. ಹೊಸದಾಗಿ ಕೈಕೆಲಸ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ವಸ್ತು ನನಗೆ ಗೊತ್ತಿಲ್ಲ. ಒಂದು ಕೆಟ್ಟರೆ ಹೋಗುವುದು ಅಂಗೈಯಷ್ಟು ಸಾಮಾನು.

ಎಷ್ಟು ಅಗಲ ಇರಬೇಕು? ನಾನು ಮಾಡಿದ್ದರ ಮೇಲೆ ನಮ್ಮನೆ ಡಬರಾ ಕೂರೋದೇ ಇಲ್ಲ.

ಮಗ್ಗಿಗೂ ಗಾಜಿನ ಲೋಟಕ್ಕೂ 9ರಿಂದ 10 ಸೆಂಟಿಮೀಟರ್ ಅಗಲ ಸಾಕು. ಎಲ್ಲರೂ ಹೇಳುವ ನಾಲ್ಕು ಇಂಚಿನ ಅಳತೆ ಅದೇ. ಲೋಟ-ಡಬರಾದಲ್ಲಿ ಕಾಫಿ ಕುಡಿಯುವ ಮನೆಗೆ ಕೊಡುವುದಾದರೆ 11 ಸೆಂಟಿಮೀಟರಿಗೆ ಹೋಗಿ. ಡಬರಾ ತಳಕ್ಕಿಂತ ಅರ್ಧ ಸೆಂಟಿಮೀಟರ್ ಆದರೂ ಸುತ್ತ ಅಂಚು ಉಳಿಯಬೇಕು, ಇಲ್ಲದಿದ್ದರೆ ಚೆಲ್ಲಿದ ಕಾಫಿ ನೇರ ಮೇಜಿಗೆ ಇಳಿಯುತ್ತದೆ. ದಪ್ಪ ಎಷ್ಟು ಅಂದರೆ, ಮರದ್ದಕ್ಕೆ 8 ಮಿಲಿಮೀಟರ್, ಬಟ್ಟೆಯದಕ್ಕೆ 4 ಮಿಲಿಮೀಟರ್ ಹಿತ. ಅದಕ್ಕಿಂತ ದಪ್ಪವಾದರೆ ಲೋಟ ಇಡುವಾಗ ಅಂಚಿಗೆ ತಗುಲಿ ಮಗುಚುವುದುಂಟು. ಕೊಡುವವರ ಮನೆಯ ಲೋಟ ಹೇಗಿದೆ ಅಂತ ಮೊದಲು ನೋಡಿಕೊಂಡು ಬನ್ನಿ.

ನಂಗೆ ಗರಗಸ ಹಿಡಿಯೋಕೂ ಬರಲ್ಲ, ಕ್ರೋಶಾ ಸ್ವಲ್ಪ ಬರುತ್ತೆ. ಏನು ಮಾಡಲಿ?

ಕ್ರೋಶಾ ಬಂದರೆ ಅರ್ಧ ದಾರಿ ದಾಟಿದಿರಿ. ದಾರ ಮಾತ್ರ ಅಪ್ಪಟ ಹತ್ತಿಯದೇ ಇರಲಿ. ಅಕ್ರಿಲಿಕ್ ಉಲ್ಲನ್ ಬಣ್ಣಬಣ್ಣವಾಗಿ ಕಾಣುತ್ತದೆ, ಆದರೆ ಅದು ಒಂದು ಬಗೆಯ ಪ್ಲಾಸ್ಟಿಕ್. ನೀರು ಹೀರುವುದಿಲ್ಲ, ತೀರಾ ಬಿಸಿ ತಾಗಿದರೆ ಆಕಾರ ಕೆಡುತ್ತದೆ. ಹತ್ತಿ ನೀರು ಹೀರುತ್ತದೆ, ಬಿಸಿ ತಡೆಯುತ್ತದೆ, ಒಗೆದರೆ ಮತ್ತೆ ಹೊಸತಾಗುತ್ತದೆ. ನಡುವಿನಿಂದ ಸುತ್ತು ಸುತ್ತಾಗಿ ಹೆಣೆಯುತ್ತಾ ಹೋಗಿ. ಅಂಚು ಬಟ್ಟಲಿನ ಹಾಗೆ ಮೇಲೆದ್ದರೆ ಆ ಸುತ್ತಿನಲ್ಲಿ ಹೊಲಿಗೆ ಕಡಿಮೆಯಾಗಿದೆ, ಅಲೆಅಲೆಯಾದರೆ ಹೆಚ್ಚಾಗಿದೆ. ಮುಗಿದ ಮೇಲೆ ಒದ್ದೆ ಮಾಡಿ, ಹಲಗೆಯ ಮೇಲೆ ಗುಂಡುಸೂಜಿ ಚುಚ್ಚಿ ಹರಡಿ ಒಣಗಿಸಿದರೆ ಚಪ್ಪಟೆಯಾಗಿ ನಿಲ್ಲುತ್ತದೆ. ಈ ಕೊನೆಯ ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಅದಕ್ಕೇ ಅವರ ಕೋಸ್ಟರ್ ಮನೆಯಲ್ಲಿ ಮಾಡಿದ ಹಾಗೆ ಕಾಣುತ್ತದೆ, ಉಡುಗೊರೆಯ ಹಾಗೆ ಕಾಣುವುದಿಲ್ಲ.

ಬಣ್ಣಕ್ಕೆ ನನ್ನ ಮೆಚ್ಚಿನ ಜೋಡಿ ಕೊಡವರ ಉಡುಗೆಯದ್ದು. ಕುಪ್ಯ ಅನ್ನುವ ನಿಲುವಂಗಿಯ ಕಪ್ಪು ನಡುವೆ, ಚೇಲೆ ಅನ್ನುವ ಸೊಂಟದ ಪಟ್ಟಿಯ ಕೆಂಪು ಸುತ್ತ, ತುದಿಗೆ ಒಂದೇ ಒಂದು ಸುತ್ತು ಬಂಗಾರದ ಹಳದಿ. ಕೆಂಪು ದಾರ ಬಣ್ಣ ಬಿಡುತ್ತದೆಯೇ ಅಂತ ಮೊದಲು ಒಂದು ತುಂಡನ್ನು ಬಿಸಿನೀರಿಗೆ ಹಾಕಿ ನೋಡಿ.

ಮಕ್ಕಳ ಕೈಲಿ ರಜೆಯಲ್ಲಿ ಏನಾದ್ರೂ ಮಾಡಿಸಬೇಕು, ಖರ್ಚಿಲ್ಲದ್ದು ಹೇಳಿ ಆಂಟಿ.

ಅಡಿಕೆ ಹಾಳೆ. ಬಿದ್ದ ಹಾಳೆಯಲ್ಲಿ ಬಿರುಕಿಲ್ಲದ, ಕಪ್ಪು ಚುಕ್ಕೆ ಇಲ್ಲದ ಭಾಗ ಆರಿಸಿ, ತೊಳೆದು, ಒಂದು ಗಂಟೆ ನೀರಿನಲ್ಲಿ ನೆನೆಸಿ. ಮೆತ್ತಗಾದಾಗ ಕತ್ತರಿಯಲ್ಲೇ ಗುಂಡಗೆ ಕತ್ತರಿಸಬಹುದು. ಎರಡು ಪದರವನ್ನು ನಾರಿನ ಗೆರೆ ಒಂದಕ್ಕೊಂದು ಅಡ್ಡ ಬರುವಂತೆ ಇಟ್ಟು, ಅಂಚಿಗೆ ದಪ್ಪ ದಾರದಲ್ಲಿ ಹೊಲಿಗೆ ಹಾಕಿಸಿ. ಅಡ್ಡ ಇಟ್ಟರೆ ಒಣಗಿದಾಗ ಸುರುಳಿ ಏಳುವುದಿಲ್ಲ. ಆಮೇಲೆ ಎರಡು ಹಲಗೆಯ ನಡುವೆ ಇಟ್ಟು ಮೇಲೆ ರುಬ್ಬುಗುಂಡು ಹೇರಿ, ಪೂರ್ತಿ ಒಣಗುವವರೆಗೆ ಬಿಡಿ. ಇದು ಬೇಸಿಗೆ ರಜೆಯ ಕೆಲಸ. ಜುಲೈಯಲ್ಲಿ ಮಾಡಿಸಿದರೆ ಒಣಗುವ ಮೊದಲೇ ಬೂಷ್ಟು ಹಿಡಿದು ಮಕ್ಕಳ ಮನಸ್ಸು ಮುರಿಯುತ್ತದೆ.

ಸೆಟ್‌ನಲ್ಲಿ ನಾಲ್ಕಿರಬೇಕಾ ಆರಿರಬೇಕಾ?

ನಗರದ ಚಿಕ್ಕ ಮನೆಗೆ ನಾಲ್ಕು, ನೆಂಟರು ಬಂದು ಹೋಗುವ ಊರ ಮನೆಗೆ ಆರು. ಹೋಂಸ್ಟೇಯವರು ಎಂಟು ಕೇಳುತ್ತಾರೆ. ಎಷ್ಟೇ ಕೊಟ್ಟರೂ ಒಂದು ಹೆಚ್ಚಿಗೆ ಮಾಡಿ ನಿಮ್ಮಲ್ಲೇ ಇಟ್ಟುಕೊಳ್ಳಿ. ಮುಂದೆ ಒಂದು ಕಳೆದರೆ ಅದೇ ಜೊತೆಯದ್ದು ಕೊಡಬಹುದು.

## ಸಾಮಗ್ರಿಯ ವಿಚಾರ

ತೋಟದಲ್ಲಿ ಕಸಿ ಮಾಡಿದ ಕಾಫಿ ಕೊಂಬೆ ರಾಶಿ ಬಿದ್ದಿದೆ. ಅದರಲ್ಲಿ ಕೋಸ್ಟರ್ ಆಗುತ್ತಾ? ಕೊಂಬೆ ತೆಳ್ಳಗಿದೆಯಲ್ಲ.

ಆಗುತ್ತದೆ, ನಾನು ಅತಿ ಹೆಚ್ಚು ಮಾಡುವುದೂ ಅದನ್ನೇ. ಕಸಿ ಅಂದರೆ ನಮ್ಮ ಕಾಫಿ ತೋಟಗಳಲ್ಲಿ ಗಿಡದ ಬೇಡದ ಕೊಂಬೆ ಸವರುವುದು. ಕಾಫಿ ಮರ ಗಟ್ಟಿ, ಒಳಗೆ ತಿಳಿ ಕೆನೆ ಬಣ್ಣ, ಎಳೆ ಬಹಳ ನಯ. ಉಜ್ಜಿದಷ್ಟೂ ಹೊಳಪು ಬರುತ್ತದೆ. ಅಗಲದ ಬಿಲ್ಲೆ ಬೇಕೆಂದರೆ ಹಳೆ ಗಿಡ ಕಿತ್ತು ಹೊಸ ಗಿಡ ನೆಡುವಾಗ ಸಿಗುವ ಬೊಡ್ಡೆಗೇ ಕಾಯಬೇಕು. ಕಸಿಯ ಕೊಂಬೆಯಲ್ಲಿ ಚಿಕ್ಕ ಬಿಲ್ಲೆಗಳನ್ನು ಕೊಯ್ದು ಜೋಡಿಸುವುದು ಸುಲಭದ ದಾರಿ.

ಹೆಬ್ಬೆರಳಿನಿಂದ ಹಿಡಿದು ಎರಡು ಬೆರಳು ದಪ್ಪದವರೆಗಿನ ಕೊಂಬೆ ಆರಿಸಿ. ಸೊಪ್ಪು, ಚಿಗುರು ಸವರಿ, ಅಡುಗೆ ಮನೆಯ ಅಟ್ಟದ ಮೇಲೆ ಅಥವಾ ಗಾಳಿಯಾಡುವ ಮಾಡಿನಡಿ ನೆರಳಲ್ಲಿ ಒಣಗಲು ಬಿಡಿ. ಒಣಗಿದ ಮೇಲೆ ಸಣ್ಣ ಹಲ್ಲಿನ ಗರಗಸದಲ್ಲಿ 6 ಮಿಲಿಮೀಟರ್ ದಪ್ಪದ ಬಿಲ್ಲೆ ಕೊಯ್ಯಿರಿ. ಎಲ್ಲ ಬಿಲ್ಲೆ ಒಂದೇ ದಪ್ಪ ಬರಬೇಕಾದ್ದು ಇಲ್ಲಿಯ ಗುಟ್ಟು. ಮರದ ಚೂರೊಂದನ್ನು ಗರಗಸದ ಪಕ್ಕ ಅಳತೆಗೆ ತಡೆಯಾಗಿ ಮೊಳೆ ಹೊಡೆದು ನಿಲ್ಲಿಸಿಕೊಂಡರೆ ಕೈ ತಪ್ಪುವುದಿಲ್ಲ. ಆಮೇಲೆ 2 ಮಿಲಿಮೀಟರ್ ಕಾರ್ಕ್ ಹಾಳೆಯನ್ನು ಗುಂಡಗೆ ಕತ್ತರಿಸಿ, ದೊಡ್ಡ ಬಿಲ್ಲೆಗಳನ್ನು ಮೊದಲು ಅಲ್ಲಲ್ಲಿ ಇಟ್ಟು, ಸಂದುಗಳಿಗೆ ಚಿಕ್ಕವನ್ನು ತುಂಬುತ್ತಾ ಬನ್ನಿ. ಅಂಟಿಗೆ ನೀರು ತಡೆಯುವ ಮರದ ಗೋಂದು ಬೇಕು, ಫೆವಿಕಾಲ್ ಮರೀನ್ ತರಹದ್ದು. ಸಾಮಾನ್ಯ ಬಿಳಿ ಗೋಂದು ಒದ್ದೆ ಲೋಟದಡಿ ಕಾಲಕ್ರಮೇಣ ಮೆತ್ತಗಾಗುತ್ತದೆ. ಅಂಟು ಒಣಗಿದ ಮೇಲೆ ಇಡೀ ಮುಖವನ್ನು ಒಟ್ಟಿಗೆ ಉಜ್ಜಿ: 80 ನಂಬರಿನ ಸ್ಯಾಂಡ್ ಪೇಪರ್, ಆಮೇಲೆ 120, 220, ಕೊನೆಗೆ 320. ಬಿಲ್ಲೆಯ ನಡುವಿನ ತಿರುಳಿನ ಚುಕ್ಕೆ, ಅದರ ಸುತ್ತಿನ ಉಂಗುರ, ಹೊರಗಿನ ತೆಳು ತೊಗಟೆಯ ಕಂದು ಗೆರೆ 220ರ ಹೊತ್ತಿಗೆ ಒಂದೊಂದಾಗಿ ಎದ್ದು ಬರುತ್ತವೆ. ನನಗೆ ಇಡೀ ಕೆಲಸದಲ್ಲಿ ಅತಿ ಇಷ್ಟದ ಗಳಿಗೆ ಅದು.

ಅಗಲದ ಬಿಲ್ಲೆ ಕೊಯ್ದು ಬಿಸಿಲಿಗಿಟ್ಟೆ, ನಡುವಿನಿಂದ ಅಂಚಿನವರೆಗೆ ಸೀಳಿಹೋಯ್ತು. ಯಾಕೆ?

ಮರ ಒಣಗುವಾಗ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ನಡುವಿನಿಂದ ಹೊರಕ್ಕೆ ಎಷ್ಟು ಕುಗ್ಗುತ್ತದೋ, ಉಂಗುರದ ಸುತ್ತಳತೆಯ ಕಡೆಗೆ ಸುಮಾರು ಅದರ ಎರಡರಷ್ಟು ಕುಗ್ಗುತ್ತದೆ. ಆ ಎಳೆತ ಎಲ್ಲಾದರೂ ಬಿಡಬೇಕು, ಸೀಳಾಗಿ ಬಿಡುತ್ತದೆ. ಬಿಸಿಲಿಗಿಟ್ಟರೆ ಮೇಲ್ಮೈ ಬೇಗ ಒಣಗಿ ಒಳಗೆ ಹಸಿ ಉಳಿದು ಸೀಳು ಇನ್ನೂ ಜೋರು.

ಬೊಡ್ಡೆಯನ್ನು ನೇರ ಅಡ್ಡಕ್ಕೆ ಕೊಯ್ಯುವ ಬದಲು ಓರೆಯಾಗಿ ಕೊಯ್ದರೆ ಮೊಟ್ಟೆಯಾಕಾರದ ಬಿಲ್ಲೆ ಬರುತ್ತದೆ, ಸೀಳುವುದೂ ಕಡಿಮೆ. ಕೊಯ್ದ ಬಿಲ್ಲೆಗಳ ನಡುವೆ ಕಡ್ಡಿ ಇಟ್ಟು ಒಂದರ ಮೇಲೊಂದು ಪೇರಿಸಿ, ಮೇಲೆ ಭಾರ ಹೇರಿ, ನ್ಯೂಸ್ ಪೇಪರ್ ಹೊದಿಸಿ, ನೆರಳಲ್ಲಿ ನಿಧಾನವಾಗಿ ಒಣಗಿಸಿ. ಒಣಗಿತೋ ಇಲ್ಲವೋ ಅಂತ ತಿಳಿಯಲು ಅಡುಗೆ ಮನೆಯ ತಕ್ಕಡಿ ಸಾಕು. ವಾರಕ್ಕೊಮ್ಮೆ ತೂಗಿ ಬರೆದಿಡಿ, ತೂಕ ಇಳಿಯುವುದು ನಿಂತಿತೆಂದರೆ ನಿಮ್ಮ ಮನೆಯ ಹವೆಗೆ ಅದು ಒಣಗಿದೆ. ನಿಮ್ಮ ಮನೆಯ ಹವೆಗೆ ಅನ್ನುವುದನ್ನು ಒತ್ತಿ ಹೇಳುತ್ತೇನೆ, ಮಡಿಕೇರಿಯ ತೇವಕ್ಕೂ ದೆಹಲಿಯ ಶುಷ್ಕ ಗಾಳಿಗೂ ಅಜಗಜಾಂತರ. ಇಲ್ಲಿ ಸೀಳದ್ದು ಅಲ್ಲಿ ಸೀಳಬಹುದು. ದೂರದ ಒಣ ಊರಿಗೆ ಕೊಡುವುದಾದರೆ ಅಗಲದ ಬಿಲ್ಲೆ ಬೇಡ, ಚಿಕ್ಕ ಬಿಲ್ಲೆ ಜೋಡಿಸಿದ್ದೇ ಕ್ಷೇಮ. ಚಿಕ್ಕದರಲ್ಲಿ ಎಳೆತವೂ ಚಿಕ್ಕದು.

ಕಟ್ಟಿಗೆಯಲ್ಲಿ ತೂತು ಇದೆ, ಹಿಟ್ಟಿನಂಥ ಪುಡಿ ಉದುರುತ್ತೆ. ಚೆಂದ ಕಾಣುತ್ತೆ ಅಂತ ಹಾಗೇ ಬಳಸಲಾ?

ಬೇಡ. ಅರೇಬಿಕಾ ಗಿಡದಲ್ಲಾದರೆ ಅದು ಬಿಳಿ ಕಾಂಡಕೊರಕ ಇರಬಹುದು. ಒಳಗಿರುವ ಹುಳ ದುಂಬಿಯಾಗಿ ಹೊರಬಂದು ತೋಟದ ಬೇರೆ ಗಿಡಕ್ಕೆ ಮೊಟ್ಟೆ ಇಡುತ್ತದೆ. ದುಂಬಿ ಹಾರುವ ಕಾಲ ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್. ಕಾಫಿ ಮಂಡಳಿಯವರು ಅಂಥ ಗಿಡ ಕಿತ್ತು ಸುಡಿ ಅನ್ನುವುದು ಇದಕ್ಕೇ. ನಾಲ್ಕು ಕೋಸ್ಟರಿನ ಆಸೆಗೆ ಅದನ್ನು ಅಟ್ಟಕ್ಕೆ ಏರಿಸಿ ಪಕ್ಕದವರ ತೋಟಕ್ಕೂ ಕೇಡು ತರುವುದು ಬೇಡ. ಹುಳದ ಗುರುತೇ ಇಲ್ಲದ ಕಟ್ಟಿಗೆಗೂ ನಾನು ಒಮ್ಮೆ ಬಿಸಿ ಕೊಡುತ್ತೇನೆ. ಸಾಗಾಣಿಕೆಯ ಮರದ ಪೆಟ್ಟಿಗೆಗಳಿಗೆ ಲೋಕದಾದ್ಯಂತ ಇರುವ ನಿಯಮವೇ ಆಧಾರ: ಮರದ ನಡುಭಾಗ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇರಬೇಕು. ಮನೆಯ ಓವನ್‌ನಲ್ಲಿ ತೆಳು ಬಿಲ್ಲೆಗಳನ್ನು 70 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಟ್ಟರೆ ಅಷ್ಟು ಆಗುತ್ತದೆ. ಮೊದಲೇ ಚೆನ್ನಾಗಿ ಒಣಗಿರಬೇಕು, ಹಸಿಯದನ್ನು ಇಟ್ಟರೆ ಸೀಳುತ್ತದೆ.

ಮನೆ ಹಿಂದೆ ಬೀಟೆ ಮರದ ಕೊಂಬೆ ಮುರಿದು ಬಿದ್ದಿದೆ, ಅದ್ರಲ್ಲಿ ಮಾಡಿದ್ರೆ ಎಷ್ಟು ಚೆಂದ ಅಲ್ವಾ?

ಚೆಂದವೇನೋ ಹೌದು. ಆದರೆ ಬೀಟೆ, ಗಂಧ, ತೇಗ, ಹೊನ್ನೆ ಇವುಗಳಿಗೆ ಕೈ ಹಾಕುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ. ಜಾಗ ನಿಮ್ಮದೇ ಆದರೂ ಕಡಿಯಲು, ಸಾಗಿಸಲು ಅನುಮತಿ ಬೇಕಾಗುತ್ತದೆ, ಕೊಡಗಿನ ಜಮೀನುಗಳಲ್ಲಿ ಮರದ ಹಕ್ಕಿನ ವಿಚಾರ ಬೇರೆಯೇ ಇದೆ. ಬೀಟೆಯೇ ಬೇಕೆಂದರೆ ಬಿಲ್ ಕೊಡುವ ಬಡಗಿಯ ಹತ್ತಿರ ಉಳಿದ ಚೂರು ಕೊಳ್ಳಿ.

ನನ್ನ ಸಲಹೆ ಸಿಲ್ವರ್ ಓಕ್. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಅದನ್ನು ಕಡಿಯುವುದಕ್ಕೆ ವಿನಾಯಿತಿ ಇದೆ, ಸಾಮಿಲ್‌ಗಳಲ್ಲಿ ಚೂರು ಧಾರಾಳ. ತೋಟದಲ್ಲಿ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸಲು ಎಲ್ಲ ಕಡೆ ಇರುವ ಕಾರಣ ಅದರ ಅಂದವನ್ನು ನಾವು ಗಮನಿಸುವುದೇ ಇಲ್ಲ. ನಡುವಿನಿಂದ ಹೊರಕ್ಕೆ ಬರುವಂತೆ ಸೀಳಿದ ಹಲಗೆಯಲ್ಲಿ ಜರಿಯಂಥ ಮಿನುಗುವ ಮಚ್ಚೆಗಳು ಏಳುತ್ತವೆ. ಚೌಕದ ಕೋಸ್ಟರಿಗೆ ಅದಕ್ಕಿಂತ ಬೇರೆ ಅಲಂಕಾರ ಬೇಡ. ಅದರ ಹೊಟ್ಟು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ತುಂಬು ತೋಳಿನ ಅಂಗಿ, ಮಾಸ್ಕ್ ಹಾಕಿಕೊಂಡೇ ಉಜ್ಜಿ.

ಅಜ್ಜನ ಮನೆ ಬಿಚ್ಚಿದ್ವಿ. ಹಳೆ ಮಂಗಳೂರು ಹೆಂಚು ಇಟ್ಕೊಂಡಿದ್ದೀವಿ. ಅಣ್ಣತಮ್ಮಂದಿರಿಗೆಲ್ಲ ಅದರ ಕೋಸ್ಟರ್ ಕೊಡಬಹುದಾ?

ಇಷ್ಟು ಒಳ್ಳೆಯ ಯೋಚನೆ ಬೇರೆ ಯಾರೂ ನನ್ನ ಹತ್ತಿರ ತಂದಿಲ್ಲ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು, ಆಮೇಲೆ ಕರಾವಳಿಯುದ್ದಕ್ಕೂ ಕಾರ್ಖಾನೆಗಳು ಬಂದವು, ಘಟ್ಟ ಹತ್ತಿ ಬಂದ ಹೆಂಚು ನಮ್ಮ ಮನೆಗಳ ಮಾಡಿಗೆ ಏರಿತು. ಹಳೆ ಹೆಂಚಿನ ಒಳಮೈ ತಿರುಗಿಸಿ ನೋಡಿ, ಕಾರ್ಖಾನೆಯ ಹೆಸರು, ಊರು, ಕೆಲವದರಲ್ಲಿ ಒಂದು ಚಿತ್ರದ ಅಚ್ಚು ಇರುತ್ತದೆ. ಆ ಅಚ್ಚು ಮೇಲ್ಮುಖವಾಗಿ ಬರುವಂತೆ ಕತ್ತರಿಸಿದರೆ ಅದೇ ಅಲಂಕಾರ.

ಒಂದು ಹೆಂಚಿನ ಸಪಾಟು ಭಾಗದಲ್ಲಿ ಎರಡು, ಹೆಚ್ಚೆಂದರೆ ಮೂರು ಕೋಸ್ಟರ್ ಸಿಗುತ್ತವೆ. ಮೊದಲು ತೆಂಗಿನ ನಾರಿನಲ್ಲಿ ತಿಕ್ಕಿ ಪಾಚಿ, ಹೊಗೆ ಮಸಿ ತೆಗೆಯಿರಿ. ಆಸಿಡ್ ಬೇಡ, ಆ ಕಪ್ಪು-ಕೆಂಪು ಮಾಸಲು ಬಣ್ಣ ಉಳಿಯಬೇಕು. ಟೈಲ್ಸ್ ಹಾಕುವವರ ಬಳಿ ಇರುವ ಕಟಿಂಗ್ ಮೆಷಿನ್ನಿಗೆ ಡೈಮಂಡ್ ಬ್ಲೇಡ್ ಹಾಕಿಸಿ, ನೀರು ಬಿಡುತ್ತಾ ಕತ್ತರಿಸಬೇಕು. ಒಣದಾಗಿ ಕತ್ತರಿಸಿದರೆ ಏಳುವ ದೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ನೀರು ಹಾಕಿದರೂ ಎನ್95 ಮಾಸ್ಕ್, ಕಣ್ಣಿಗೆ ಕನ್ನಡಕ ಬಿಡಬೇಡಿ. ಮೆಷಿನ್ ಹಿಡಿದು ಅಭ್ಯಾಸ ಇಲ್ಲದಿದ್ದರೆ ಗೆರೆ ಹಾಕಿ ಕೊಟ್ಟು ಕೆಲಸದವರಿಂದಲೇ ಕತ್ತರಿಸಿಕೊಳ್ಳಿ. ಅಂಚನ್ನು ಕಲ್ಲಿನ ಮೇಲೆ ಉಜ್ಜಿ ಮೊನೆ ಮುರಿದು, ಅಡಿಗೆ ದಪ್ಪ ಫೆಲ್ಟ್ ಅಂಟಿಸಿ.

ಸುಟ್ಟ ಮಣ್ಣು ನೀರು ಹೀರುತ್ತದೆ. ತಣ್ಣನೆಯ ಗಾಜಿನ ಲೋಟ ಬೆವರಿದರೂ ಒಂದು ಹನಿ ಮೇಜಿಗೆ ಹೋಗುವುದಿಲ್ಲ, ಬಿಸಿಗಂತೂ ಏನೂ ಆಗುವುದಿಲ್ಲ. ಹಾಗಾಗಿ ವಾರ್ನಿಶ್ ಹಚ್ಚಬೇಡಿ. ಕಾಫಿ ಕಲೆ ಉಳಿಯುತ್ತದೆ, ಉಳಿಯಲಿ. ವಾರಕ್ಕೊಮ್ಮೆ ಬಿಸಿಲು ಅಥವಾ ಒಲೆಯ ಬಿಸಿ ಕಾಣಿಸಿದರೆ ಪಾಚಿ ಕಟ್ಟುವುದಿಲ್ಲ.

ಏಲಕ್ಕಿ, ಚಕ್ಕೆ ತುಂಬಿದ ಕೋಸ್ಟರ್ ಮಾಡ್ತಾರಂತಲ್ಲ, ಬಿಸಿ ಲೋಟ ಇಟ್ರೆ ಘಮ ಬರುತ್ತಂತೆ. ನಿಜಾನಾ?

ನಿಜ. ಮಸಾಲೆಯ ಪರಿಮಳ ಇರುವುದು ಬೇಗ ಆವಿಯಾಗುವ ಎಣ್ಣೆಯಲ್ಲಿ, ಲೋಟದ ಬಿಸಿ ತಾಗಿದಾಗ ಅದು ಹೊರಗೆ ಬರುತ್ತದೆ. ಇದಕ್ಕೆ ಒಳ್ಳೆಯ ಏಲಕ್ಕಿ ಹಾಳು ಮಾಡಬೇಕಾಗಿಲ್ಲ, ಕಾಳು ಬಿಡಿಸಿದ ಮೇಲೆ ಉಳಿಯುವ ಸಿಪ್ಪೆ ಸಾಕು. ಜೊತೆಗೆ ಚಕ್ಕೆ, ಒಂದೆರಡು ಲವಂಗ, ಒಣಗಿಸಿದ ಕೊಡಗಿನ ಕಿತ್ತಳೆಯ ಸಿಪ್ಪೆ. ಎಲ್ಲವನ್ನೂ ತರಿತರಿಯಾಗಿ ಕುಟ್ಟಿ. ಚಕ್ಕೆಯ ತುಂಡು ಹಾಗೇ ಇದ್ದರೆ ಮೇಲ್ಮೈ ಉಬ್ಬುತಗ್ಗಾಗಿ ಲೋಟ ವಾಲುತ್ತದೆ, ನುಣ್ಣಗೆ ಪುಡಿ ಮಾಡಿದರೆ ಬಟ್ಟೆಯಿಂದ ಸೋರುತ್ತದೆ. ಕರಿಮೆಣಸು ಹಾಕಬೇಡಿ, ಘಮಕ್ಕಿಂತ ಸೀನು ಹೆಚ್ಚು.

ತೆಳು ಮಲ್ ಬಟ್ಟೆಯ ಚೀಲಕ್ಕೆ ಎರಡು ಚಮಚ ತುಂಬಿ ಹೊಲಿಯಿರಿ. ಹೊರಕವಚ ದಪ್ಪ ಹತ್ತಿಯದು, ಅಡಿಯಲ್ಲಿ ಹಳೆ ಕಂಬಳಿಯ ಒಂದು ಪದರ. ಉಣ್ಣೆ ಬಿಸಿಯನ್ನು ಮೇಜಿಗೆ ಬಿಡುವುದಿಲ್ಲ. ದಿಂಬಿನ ಕವರಿನ ಹಾಗೆ ಹಿಂದೆ ಬಾಯಿ ಬಿಟ್ಟು, ಒಳಚೀಲ ತೆಗೆದು ಹೊರಗಿನದನ್ನು ಒಗೆಯುವಂತೆ ಮಾಡಿ. ಘಮ ಒಂದು ವರ್ಷಕ್ಕೆ ಹೆಚ್ಚು ನಿಲ್ಲದು, ಹುಳವೂ ಬೀಳಬಹುದು. ಸೆಟ್‌ನ ಜೊತೆ ಒಂದು ಬದಲಿ ಚೀಲದ ಜೊತೆಯನ್ನೂ ಇಟ್ಟು ಕೊಟ್ಟರೆ ಪಡೆದವರಿಗೆ ಬಹಳ ಖುಷಿ.

ಬಿದಿರಿನದು?

ಬಿದಿರಿನ ಸೀಳಿಗೆ ಹೆಣೆದ ಕೋಸ್ಟರ್ ಹಗುರ, ಬಿಸಿ ತಡೆಯುತ್ತದೆ. ನಮ್ಮಲ್ಲಿ ಬುಟ್ಟಿ ಹೆಣೆಯುವ ಮೇದರ ಕೈಯ ಅಚ್ಚುಕಟ್ಟು ನಮಗೆ ನಿಮಗೆ ಬೇಗ ಬರುವಂಥದ್ದಲ್ಲ, ಹೇಳಿ ಮಾಡಿಸಿ, ಕೇಳಿದಷ್ಟು ಕೊಡಿ. ನೀವೇ ಮಾಡುವುದಾದರೆ ಬಲಿತ ಬಿದಿರು ಬೇಕು, ಮಳೆಗಾಲ ಮುಗಿದ ಮೇಲೆ ಚಳಿಗಾಲದಲ್ಲಿ ಕಡಿದಿರಬೇಕು. ಪಿಷ್ಟ ಹೆಚ್ಚಿರುವ ಬಿದಿರಿಗೆ ಕುಟ್ಟೆಹುಳ ಬರುತ್ತದೆ.

## ಪಾಲಿಶ್, ರೆಸಿನ್, ಮಳೆಗಾಲ

ಜೇನುಮೇಣ ಹಚ್ಚಿದೆ, ಬಿಸಿ ಕಾಫಿ ಇಟ್ಟ ತಕ್ಷಣ ಲೋಟದ ಗುರುತು ಬಿತ್ತು. ಯಾವ ಪಾಲಿಶ್ ಹಚ್ಚಬೇಕು ಹಾಗಾದ್ರೆ?

ಜೇನುಮೇಣ ಕರಗುವುದೇ 62ರಿಂದ 64 ಡಿಗ್ರಿಗೆ. ಆಗಷ್ಟೇ ಬಗ್ಗಿಸಿದ ಕಾಫಿ ಅದಕ್ಕಿಂತ ಬಿಸಿ, ಸ್ಟೀಲ್ ಲೋಟ ಆ ಬಿಸಿಯನ್ನು ನೇರ ಕೆಳಕ್ಕೆ ಕೊಡುತ್ತದೆ. ಕೊಬ್ಬರಿ ಎಣ್ಣೆ ಒಣಗುವ ಎಣ್ಣೆಯಲ್ಲ, ಜಿಡ್ಡಾಗಿ ಉಳಿದು ಕಮಟು ವಾಸನೆ ಹಿಡಿಯುತ್ತದೆ. ಅರಗಿನ ಫ್ರೆಂಚ್ ಪಾಲಿಶ್ ನೋಡಲು ಎಲ್ಲಕ್ಕಿಂತ ಅಂದ, ಕೋಸ್ಟರಿಗೆ ಮಾತ್ರ ಸಲ್ಲದು. ಬಿಸಿ, ತೇವ ಎರಡೂ ಸೇರಿ ಬಿಳಿ ಉಂಗುರ ಬೀಳುತ್ತದೆ.

ಮರಕ್ಕೆ ಪಾಲಿಯುರೆಥೇನ್, ಅಂಗಡಿಯಲ್ಲಿ ಪಿಯು ಅಂದರೆ ಕೊಡುತ್ತಾರೆ. ತೆಳ್ಳಗೆ ಮೂರು ಕೋಟ್, ನಡುನಡುವೆ 320ರಲ್ಲಿ ಹಗುರಾಗಿ ಉಜ್ಜಿ. ಮುಟ್ಟಿದರೆ ಒಣಗಿದಂತೆ ಕಂಡರೂ ಪೂರ್ತಿ ಗಟ್ಟಿಯಾಗಲು ಮೂರು-ನಾಲ್ಕು ವಾರ ಬೇಕು, ಅಲ್ಲಿಯವರೆಗೆ ಬಿಸಿ ಲೋಟ ಇಡಬಾರದು. ಬಡಗಿಗಳು ಹಾಕುವ ಮೆಲಮೈನ್ ಪಾಲಿಶ್ ಕೂಡ ಬಿಸಿ ತಡೆಯುತ್ತದೆ, ಅದರ ಆವಿ ಕಣ್ಣು ಮೂಗಿಗೆ ಉರಿ, ಅಂಗಳದಲ್ಲೇ ಹಚ್ಚಿ. ಅಡಿಯನ್ನೂ ಅಂಚನ್ನೂ ಬಿಡದೆ ಹಚ್ಚಬೇಕು. ಮೇಲೆ ಮಾತ್ರ ಹಚ್ಚಿದರೆ ಅಡಿಯಿಂದ ತೇವ ಏರಿ ಬಿಲ್ಲೆ ಸೊಟ್ಟಗಾಗುತ್ತದೆ.

ಅಗಸೆ ಎಣ್ಣೆ ಹಚ್ಚಬಹುದಾ?

ಹಚ್ಚಬಹುದು, ಮರದ ಬಣ್ಣಕ್ಕೆ ಒಳ್ಳೆಯ ಕಾಂತಿ ಬರುತ್ತದೆ. ಆದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಬಿಸಿ ಸೇರಿಕೊಂಡು ತಾನಾಗೇ ಬೆಂಕಿ ಹತ್ತಬಹುದು. ಬಟ್ಟೆಯನ್ನು ಹೊರಗೆ ತಂತಿಗೆ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ. ಮರದ ಹೊಟ್ಟು, ಕಟ್ಟಿಗೆ ತುಂಬಿದ ಕೊಟ್ಟಿಗೆಯಲ್ಲಿ ಕೆಲಸ ಮಾಡುವವರು ಇದನ್ನು ಮರೆಯಲೇಬಾರದು.

ಹೂಮಳೆ ಆದ್ಮೇಲೆ ಕಾಫಿ ಹೂವು ರೆಸಿನ್‌ನಲ್ಲಿ ಹಾಕಿ ಕೋಸ್ಟರ್ ಮಾಡ್ಬೇಕು ಅಂತ ಆಸೆ. ಹೂ ಕಂದಾಗಿಬಿಡುತ್ತೆ, ಏನ್ಮಾಡೋದು?

ಆಸೆ ಬಹಳ ಜನರದ್ದು. ಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಎರಡು-ಮೂರು ದಿನಕ್ಕೆ ಬಾಡುತ್ತದೆ. ಹಿಡಿದಿಡಬೇಕು ಅನ್ನಿಸುವುದು ಸಹಜ. ಒಂದೊಂದು ಹೂವೂ ಒಂದು ಹಣ್ಣಾಗಬೇಕಾದ್ದು, ಯಾರ ತೋಟವೋ ಅವರನ್ನು ಕೇಳಿಯೇ ಕೀಳಿ. ಅರಳಿದ ಮೊದಲ ಬೆಳಿಗ್ಗೆ, ಮಂಜು ಆರಿದ ಮೇಲೆ ಕಿತ್ತು, ಕೂಡಲೇ ಸಿಲಿಕಾ ಜೆಲ್ ಹರಳಿನಲ್ಲಿ ಹೂತು ಮುಚ್ಚಳ ಹಾಕಿ ನಾಲ್ಕೈದು ದಿನ ಬಿಡಿ. ಹೂವಿನ ಬುಡದಲ್ಲಿ ಎಳ್ಳಷ್ಟು ತೇವ ಉಳಿದರೂ ರೆಸಿನ್‌ನೊಳಗೆ ಕಂದು ಹರಡುತ್ತದೆ. ಒಣಗಿದ ಹೂವಿಗೆ ತೆಳು ಗೋಂದಿನ ನೀರು ಸವರಿ ಒಣಗಿಸಿದರೆ ಎಸಳು ಪಾರದರ್ಶಕವಾಗುವುದು ಕಡಿಮೆಯಾಗುತ್ತದೆ. ಇಷ್ಟಾದರೂ ಅಪ್ಪಟ ಬಿಳಿ ಉಳಿಯದು, ದಂತದ ಬಣ್ಣಕ್ಕೆ ತಿರುಗುತ್ತದೆ. ಹಸಿರು ಬೇಕಾದವರು ಜರೀಗಿಡದ ಎಲೆ ಪುಸ್ತಕದಲ್ಲಿ ಒತ್ತಿಟ್ಟು ಬಳಸಿ, ಅದು ಬಣ್ಣ ಚೆನ್ನಾಗಿ ಹಿಡಿದಿಡುತ್ತದೆ.

10 ಸೆಂಟಿಮೀಟರ್ ಅಗಲ, 8 ಮಿಲಿಮೀಟರ್ ದಪ್ಪದ ಅಚ್ಚಿಗೆ ಸುಮಾರು 63 ಮಿಲಿಲೀಟರ್ ರೆಸಿನ್ ಹಿಡಿಯುತ್ತದೆ. ರೆಸಿನ್ ಮತ್ತು ಹಾರ್ಡನರ್ ಅಳತೆ ಡಬ್ಬಿಯ ಮೇಲೆ ಬರೆದಂತೆಯೇ ಇರಬೇಕು, ಕಣ್ಣಂದಾಜು ಬೇಡ. ಎರಡು ಸಲವಾಗಿ ಸುರಿಯಿರಿ: ಅರ್ಧ ಸುರಿದು ಗಟ್ಟಿಯಾಗತೊಡಗಿದಾಗ ಹೂವಿಟ್ಟು ಉಳಿದದ್ದು ಸುರಿದರೆ ಹೂ ತೇಲುವುದಿಲ್ಲ. ಕೈಗೆ ನೈಟ್ರೈಲ್ ಗ್ಲೌಸ್, ಕಿಟಕಿ ತೆರೆದಿರಲಿ, ಅಡುಗೆ ಪಾತ್ರೆ ಬಳಸಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯಲೇಬೇಡಿ, ತೇವದ ಗಾಳಿಗೆ ಮೇಲೆ ಮಬ್ಬು ಜಿಡ್ಡು ಕಟ್ಟುತ್ತದೆ.

ಇನ್ನೊಂದು ಮುಖ್ಯ ವಿಷಯವನ್ನು ಮಾರುವವರು ಹೇಳುವುದಿಲ್ಲ. ಸಾಮಾನ್ಯ ಎಪಾಕ್ಸಿ ರೆಸಿನ್ 50-60 ಡಿಗ್ರಿಯಲ್ಲೇ ಮೆತ್ತಗಾಗಲು ತೊಡಗುತ್ತದೆ. ಬಿಸಿ ಕಾಫಿಯ ಲೋಟ ಇಟ್ಟರೆ ಅಂಟಿಕೊಳ್ಳುತ್ತದೆ, ಉಂಗುರ ಬೀಳುತ್ತದೆ. ಹಾಗಾಗಿ ಕಾಫಿ ಹೂವಿನ ಕೋಸ್ಟರ್ ತಣ್ಣನೆಯ ಪಾನೀಯಕ್ಕೆ. ಉಡುಗೊರೆಯ ಚೀಟಿಯಲ್ಲಿ ಅದನ್ನು ಬರೆದೇ ಕೊಡಿ.

ಲೋಟ ಎತ್ತಿದ್ರೆ ಕೋಸ್ಟರೂ ಅಂಟಿಕೊಂಡು ಬರುತ್ತೆ, ಆಮೇಲೆ ಟಪ್ ಅಂತ ಬೀಳುತ್ತೆ.

ನುಣುಪು ಮೇಲ್ಮೈ, ನುಣುಪು ತಳ, ನಡುವೆ ತೆಳು ನೀರಿನ ಪದರ. ಗಾಳಿ ಒಳಹೋಗಲು ದಾರಿ ಇಲ್ಲದೆ ಹಿಡಿದುಕೊಳ್ಳುತ್ತದೆ. ಮೇಲ್ಮೈಯಲ್ಲಿ ಎರಡು-ಮೂರು ಸಣ್ಣ ಗೀರು ತೋಡಿ, ಅಥವಾ ಕೊನೆಯ ಪಿಯು ಕೋಟ್ ಹೊಳಪಿನದರ ಬದಲು ಮ್ಯಾಟ್ ಹಾಕಿ. ಚಿಕ್ಕ ಬಿಲ್ಲೆ ಜೋಡಿಸಿದ್ದರಲ್ಲಿ ಸಂದುಗಳಿಂದ ಗಾಳಿ ಹೋಗುವುದರಿಂದ ಈ ತೊಂದರೆಯೇ ಇಲ್ಲ.

ಜುಲೈಯಲ್ಲಿ ಕಪಾಟು ತೆಗೆದು ನೋಡಿದ್ರೆ ಎಲ್ಲಕ್ಕೂ ಬೂಷ್ಟು! ಎಸೆಯೋದೇನಾ?

ಎಸೆಯಬೇಡಿ. ಹತ್ತಿಯವನ್ನು ಬಿಸಿನೀರಿನಲ್ಲಿ ಒಗೆದು ಒಲೆಯ ಹತ್ತಿರ ಒಣಗಿಸಿ. ಮರದ್ದನ್ನು ಹೊರಗೆ ಒಣ ಬ್ರಷ್‌ನಲ್ಲಿ ಉಜ್ಜಿ, ವಿನೆಗರ್ ಹಾಕಿದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಒಂದು ಕೋಟ್ ಪಿಯು. ಹಾಳೆಯ ಒಳಗೇ ಕಪ್ಪು ಇಳಿದಿದ್ದರೆ ಅದನ್ನು ಮಾತ್ರ ಗೊಬ್ಬರದ ಗುಂಡಿಗೆ ಹಾಕಿ. ಮಳೆಗಾಲದಲ್ಲಿ ಕೋಸ್ಟರುಗಳನ್ನು ಮುಚ್ಚಿದ ಕಪಾಟಿನಲ್ಲಿ ಒಂದರ ಮೇಲೊಂದು ಇಡದೆ, ಅಡುಗೆ ಮನೆಯಲ್ಲಿ ಗಾಳಿಯಾಡುವ ಕಡೆ ನಿಲ್ಲಿಸಿಡಿ. ದಿನಾ ಬಳಸಿದವಕ್ಕೆ ಬೂಷ್ಟು ಹಿಡಿಯುವುದು ಬಹಳ ಕಡಿಮೆ.

## ಉಡುಗೊರೆಯಾಗಿ ಕೊಡುವಾಗ

ಕಾವೇರಮ್ಮನ ಚಿತ್ರ, ಪೀಚೆಕತ್ತಿ ಚಿತ್ರ ಹಾಕಿದ್ರೆ ಕೊಡಗಿನದು ಅಂತ ಗೊತ್ತಾಗುತ್ತಲ್ಲ?

ಗೊತ್ತಾಗುತ್ತದೆ, ಆದರೆ ಹಾಕಬೇಡಿ. ತೀರ್ಥ ತಂದು ಮನೆಯಲ್ಲಿಟ್ಟು ಪೂಜಿಸುವ ತಾಯಿಯ ಚಿತ್ರದ ಮೇಲೆ ಎಂಜಲು ಲೋಟ ಇಡಲು ಯಾರಿಗೆ ಮನಸ್ಸು ಬರುತ್ತದೆ? ಕೈಲ್‌ಪೊಳ್ದ್ ಹಬ್ಬಕ್ಕೆ ಆಯುಧ ಪೂಜಿಸುವ ಮನೆಯವರಿಗೆ ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯೂ ಅಷ್ಟೇ. ಗುರುಕಾರಣರ (ಮನೆತನದ ಮೂಲಪುರುಷರ) ಪಟ, ಐನ್‌ಮನೆಯ (ಮನೆತನದ ಹಿರಿಮನೆಯ) ನೆಲ್ಲಕ್ಕಿ ಬಾಡೆಯ, ಅಂದರೆ ನಡುಮನೆಯ, ದೀಪ ಕೂಡ ಬೇಡ. ಕಾಫಿ ಎಲೆ, ಮೆಣಸಿನ ಗೆರೆ, ಭತ್ತದ ತೆನೆ, ಬೆಟ್ಟದ ಸಾಲು ಇಷ್ಟರಲ್ಲೇ ಕೊಡಗು ಕಾಣುತ್ತದೆ. ಮನೆಹೆಸರು ಹಾಕುವುದಾದರೆ ಅಡಿಯ ಮುಖದಲ್ಲಿ ಬರೆಯಿರಿ.

ಹುತ್ತರಿಗೆ ಕೊಡಬೇಕು. ಯಾವಾಗ ಶುರು ಮಾಡ್ಲಿ?

ಹುತ್ತರಿ, ನಮ್ಮ ಸುಗ್ಗಿಹಬ್ಬ, ಬರುವುದು ನವೆಂಬರ್-ಡಿಸೆಂಬರಿನಲ್ಲಿ. ಮರದ್ದಾದರೆ ಹಿಂದಿನ ಕುಯಿಲು ಮುಗಿದು ಕಸಿ ನಡೆಯುವಾಗಲೇ ಶುರು ಮಾಡಿ. ಕೊಂಬೆ ಆರಿಸಿ ಅಟ್ಟಕ್ಕೆ ಹಾಕಿ, ಮಳೆಗಾಲವಿಡೀ ಅಲ್ಲಿ ಒಲೆಯ ಬಿಸಿಗೆ ಒಣಗಲಿ. ಮಳೆಗಾಲದ ಕೊನೆಯ ಸಂಜೆಗಳು ಕೊಯ್ಯಲು, ಉಜ್ಜಲು. ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದ ಆಸುಪಾಸು ಹವೆ ಒಣಗುತ್ತಿದ್ದಂತೆ ಪಾಲಿಶ್ ಹಚ್ಚಿದರೆ ಹುತ್ತರಿಯ ಹೊತ್ತಿಗೆ ಗಟ್ಟಿಯಾಗಿರುತ್ತದೆ. ನವೆಂಬರಿನಲ್ಲಿ ನೆನಪಾದರೆ ಮರದ ಆಸೆ ಬಿಡಿ, ಅರೇಬಿಕಾ ಕುಯಿಲಿನ ನಡುವೆ ಪುರಸೊತ್ತೂ ಸಿಗದು. ಕ್ರೋಶಾ ಅಥವಾ ಮಸಾಲೆ ಚೀಲದ್ದು ಮಾಡಿ.

ಏಪ್ರಿಲ್‌ನಲ್ಲಿ ಮಗಳ ಮದುವೆ, ಬಂದೋರಿಗೆಲ್ಲ ಒಂದೊಂದು ಜೊತೆ ಕೊಡಬೇಕು. ಆಗುತ್ತಾ?

ಮನೆಯವರೇ ಕೂತು ಮಾಡುವುದಾದರೆ ಹತ್ತಿರದ ನೆಂಟರಿಗೆ ಮಾತ್ರ ಇಟ್ಟುಕೊಳ್ಳಿ. ಎಲ್ಲರಿಗೂ ಅಂದರೆ ಕೊನೆಯವು ಅವಸರದಲ್ಲಿ ಒರಟಾಗುತ್ತವೆ. ತೀರಾ ಬೇಕೆಂದರೆ ಒಂದೇ ಮಾದರಿ, ಒಂದೇ ಅಳತೆ, ಒಬ್ಬರು ಕೊಯ್ಯುವುದು, ಒಬ್ಬರು ಉಜ್ಜುವುದು ಎಂದು ಹಂಚಿಕೊಂಡು ಅಕ್ಟೋಬರಿನಲ್ಲೇ ಶುರು ಮಾಡಿ.

ಪ್ಯಾಕಿಂಗ್ ಹೇಗೆ? ಅಂಚೆಯಲ್ಲಿ ಕಳಿಸಿದ್ರೆ ಒಡೆಯಲ್ವಾ?

ಮರ, ಬಟ್ಟೆ ಒಡೆಯುವುದಿಲ್ಲ. ಹೆಂಚಿನವನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿ, ಮುಖಕ್ಕೆ ಮುಖ ತಾಗದಂತೆ ನಡುವೆ ರಟ್ಟು ಇಟ್ಟು, ಪೆಟ್ಟಿಗೆಯಲ್ಲಿ ನಿಲ್ಲಿಸಿ ಕಳಿಸಿ. ಮಲಗಿಸಿದರೆ ಭಾರಕ್ಕೆ ಅಡಿಯದ್ದು ಬಿರುಕು ಬಿಡುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತುವುದು ಚಳಿಗಾಲದಲ್ಲಿ ಸರಿ, ಮಳೆಗಾಲದಲ್ಲಿ ಒಳಗಿನ ತೇವ ಅಲ್ಲೇ ಉಳಿಯುತ್ತದೆ. ಕಾಗದ ಸುತ್ತಿ, ಬಾಳೆ ನಾರಿನಲ್ಲಿ ಕಟ್ಟಿ, ಪೆಟ್ಟಿಗೆಗೆ ಮಾತ್ರ ಹೊರಗಿನಿಂದ ಪ್ಲಾಸ್ಟಿಕ್ ಹಾಕಿ.

ಮಗ ಆಸ್ಟ್ರೇಲಿಯಾದಲ್ಲಿದ್ದಾನೆ. ಕಾಫಿ ಕಟ್ಟಿಗೆಯದು ಕಳಿಸಬಹುದಾ?

ತೊಗಟೆ ಇರುವ ಮರವನ್ನು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಒಳಗೆ ಬಿಡುವುದಿಲ್ಲ. ಕೀಟ, ರೋಗ ಬರಬಾರದೆಂದು ಅಲ್ಲಿಯ ತಪಾಸಣೆ ಬಹಳ ಬಿಗಿ. ಒಣ ಮಸಾಲೆ, ಬೀಜ, ಹೂವು, ಬಿದಿರಿಗೂ ತೊಂದರೆ ಬರಬಹುದು. ಸುಳ್ಳು ಹೇಳಿ ಕಳಿಸಿದರೆ ಸಾಮಾನು ಹೋಗುವುದಲ್ಲದೆ ಅವರಿಗೆ ದಂಡವೂ ಬೀಳಬಹುದು. ಮಗನಿಗೆ ಹತ್ತಿ ದಾರದ ಕ್ರೋಶಾ ಸೆಟ್ ಕಳಿಸಿ, ಕಪ್ಪು, ಕೆಂಪು, ಹಳದಿಯದ್ದು. ಕಟ್ಟಿಗೆಯದನ್ನು ಊರಿಗೆ ಬಂದಾಗ ಬಳಸಲು ಮನೆಯಲ್ಲೇ ಇಟ್ಟಿರಿ.